ಪಾಲಿಸಿಯಲ್ಲಿ ಎಂಟು ಸಾವಿರ ಅಂತ ಬರೆಸಿದ್ದೆ

ಕಳೆದ ವಾರ ನಮ್ಮ ಮರದ ಕೆಲಸದ ಶೆಡ್ಡಿನ ಆಚಾರಿಯವರ ಖಾತೆಗೆ ಅಪಘಾತ ಪರಿಹಾರದ ದುಡ್ಡು ಬಿತ್ತು. ಅವರ ಕೈ ಬ್ಲೇಡಿಗೆ ಸಿಕ್ಕಿದ್ದು 2024ರ ಜುಲೈಯಲ್ಲಿ. ಹದಿನೇಳು ತಿಂಗಳು. ಇದರಲ್ಲಿ ಅರ್ಧದಷ್ಟು ಸಮಯ ನನ್ನ ತಪ್ಪಿನಿಂದಲೇ ಹೋದದ್ದು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆ ಪಕ್ಕದಲ್ಲೇ ಶೆಡ್ಡು ಹಾಕಿಕೊಂಡು ನಾಲ್ಕೈದು ಜನರನ್ನು ಇಟ್ಟು ಕೆಲಸ ಮಾಡಿಸುವವರು ಎಷ್ಟೋ ಮಂದಿ ಇದ್ದಾರೆ. ಮರದ ಕೆಲಸ, ವೆಲ್ಡಿಂಗ್, ಕೆಂಪು ಕಲ್ಲಿನ ಕೋರೆ, ಅಡಿಕೆ ಸುಲಿಯುವ ಯಂತ್ರ. ಅವರಲ್ಲಿ ಒಬ್ಬರಿಗಾದರೂ ಉಪಯೋಗ ಆಗಲಿ.

ನಮ್ಮದು ಕಾಸರಗೋಡು ತಾಲೂಕಿನ ಒಳಗಡೆ, ಬದಿಯಡ್ಕದಿಂದ ಸ್ವಲ್ಪ ಮುಂದೆ. ಅಪ್ಪ ಶುರು ಮಾಡಿದ ಮರದ ಕೆಲಸದ ಶೆಡ್ಡು. ಬಾಗಿಲು, ಕಿಟಕಿ, ದಾರಂದ (ಬಾಗಿಲಿನ ಚೌಕಟ್ಟು), ಮಂಚ ಮಾಡುತ್ತೇವೆ. ನನ್ನನ್ನು ಬಿಟ್ಟು ಐದು ಜನ. ಇಬ್ಬರು ಆಚಾರಿಗಳು, ಮೂವರು ಕೈಕೆಲಸದವರು. ಪೆಟ್ಟಾದದ್ದು ಆಚಾರಿಗಳಲ್ಲಿ ಕಿರಿಯವರಿಗೆ. ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದಾರೆ, ನನ್ನನ್ನು ಅಣ್ಣ ಅಂತ ಕರೆಯುತ್ತಾರೆ. ಅವರ ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಇಬ್ಬರು ಮಕ್ಕಳು.

ಆಟಿ ಮಳೆ. ಹನ್ನೊಂದು ಗಂಟೆ ಹೊತ್ತಿಗೆ ಕರೆಂಟು ಹೋಯಿತು. ಹಲಸಿನ ಹಲಗೆ ಸೀಳುತ್ತಿದ್ದ ಬ್ಲೇಡು ಅರ್ಧದಲ್ಲೇ ನಿಂತಿತು. ಬ್ಲೇಡಿಗೂ ಟೇಬಲ್ಲಿನ ಸೀಳಿಗೂ ನಡುವೆ ಒಂದು ಚೂರು ಸಿಕ್ಕಿಕೊಂಡಿತ್ತು. ಹೇಗೂ ಕರೆಂಟಿಲ್ಲ ಅಲ್ವಾ ಅಂತ ಆಚಾರಿ ಅದನ್ನು ಬೆರಳಿನಲ್ಲಿ ಕೀಳಲು ಹೋದರು. ಮೈನ್ ಸ್ವಿಚ್ಚು ಮೇಲೆಯೇ ಇತ್ತು. ನಾನು ಒಳಗೆ ಬಿಲ್ಲು ಬರೆಯುತ್ತಿದ್ದೆ. ಕರೆಂಟು ಬಂದದ್ದು ನನಗೆ ಗೊತ್ತಾದದ್ದು ಶೆಡ್ಡಿನ ರೇಡಿಯೋ ಮಾತಾಡಲು ಶುರು ಮಾಡಿದಾಗ. ರೇಡಿಯೋದ ಜೊತೆಗೇ ಬ್ಲೇಡೂ ತಿರುಗಿತ್ತು.

ಬಲಗೈಯ ತೋರುಬೆರಳು, ನಡುಬೆರಳು. ಎರಡೂ ಬುಡದಿಂದಲೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಾವು ಮರದ ಹುಡಿಯಲ್ಲಿ ಬಿದ್ದಿದ್ದ ಬೆರಳುಗಳನ್ನು ಹುಡುಕಿ, ಅದೇ ಹೊತ್ತಿಗೆ ರಸ್ತೆಯಲ್ಲಿ ಬಂದ ಮೀನಿನವನ ಪೆಟ್ಟಿಗೆಯಿಂದ ಐಸು ತೆಗೆದು, ಅದರ ಒಳಗೆ ಹಾಗೇ ಹೂತಿಟ್ಟೆವು. ಬುದ್ಧಿವಂತಿಕೆ ಮಾಡಿದೆವು ಅಂತಲೇ ನಮ್ಮ ಲೆಕ್ಕ. ಮಂಗಳೂರಿನ ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ತುಂಡಾದ ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿ ಇಡಬೇಕಂತೆ. ಐಸು ನೇರವಾಗಿ ತಾಗಿದರೆ ಮಾಂಸ ಹಾಳಾಗುತ್ತದೆ. ನಮ್ಮ ವಿಷಯದಲ್ಲಿ ಬ್ಲೇಡು ಎಲುಬನ್ನೇ ಪುಡಿ ಮಾಡಿತ್ತು, ಸರಿಯಾಗಿ ತಂದಿದ್ದರೂ ಜೋಡಿಸಲು ಆಗುತ್ತಿರಲಿಲ್ಲ ಅಂದರು. ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ, ನಾನು ಮತ್ತೆ ಕೇಳಲಿಲ್ಲ.

ಬೈರಾಸು ಸುತ್ತಿದ ಕೈಯನ್ನು ಎತ್ತಿ ಹಿಡಿದುಕೊಂಡು ಓಮ್ನಿಯಲ್ಲಿ ಕುಂಬಳೆಗೆ ಇಳಿದು, ಅಲ್ಲಿಂದ ಹೆದ್ದಾರಿಯಲ್ಲಿ ಉಪ್ಪಳ, ಮಂಜೇಶ್ವರ, ತಲಪಾಡಿ ದಾಟಿ ಮಂಗಳೂರು. ದಾರಿಯುದ್ದಕ್ಕೂ ಆಚಾರಿ ಹೇಳುತ್ತಿದ್ದದ್ದು ಒಂದೇ ಮಾತು: "ಅಣ್ಣ, ಶನಿವಾರ ಆ ದಾರಂದ ಕೊಡಬೇಕಿತ್ತಲ್ಲ."

ಆಸ್ಪತ್ರೆಯ ಬಿಲ್ಲು ಎಲ್ಲ ಸೇರಿ 1,12,000 ರೂಪಾಯಿ. ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯದಿಂದ ಕಟ್ಟಿದೆ. ಆ ಧೈರ್ಯ ಎರಡು ವಾರವೂ ಬಾಳಲಿಲ್ಲ.

ಏಜೆಂಟಿಗೆ ನಾನು ಫೋನ್ ಮಾಡಿದ್ದು ಹನ್ನೊಂದನೇ ದಿನ. ಆಸ್ಪತ್ರೆಯ ಓಡಾಟದಲ್ಲಿ ಅದು ತಲೆಗೇ ಬಂದಿರಲಿಲ್ಲ. ಪಾಲಿಸಿಯಲ್ಲಿ "ಕೂಡಲೇ ತಿಳಿಸಬೇಕು" ಅಂತ ಇದೆ. ಅದು ಹೋಗಲಿ. ಗಂಭೀರ ಗಾಯ ಅಥವಾ ಸಾವು ಆದರೆ ಮಾಲೀಕ ಏಳು ದಿನದೊಳಗೆ ಪರಿಹಾರ ಕಮಿಷನರಿಗೆ (ಇಂಥ ಪರಿಹಾರದ ತೀರ್ಮಾನ ಮಾಡುವ ಅಧಿಕಾರಿಗೆ) ವರದಿ ಕಳುಹಿಸಬೇಕು ಅಂತ ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯಲ್ಲೇ ಇತ್ತು. ಅಂಗಾಂಗ ಶಾಶ್ವತವಾಗಿ ಊನವಾದರೆ, ಮೂಳೆ ಮುರಿದರೆ, ಇಪ್ಪತ್ತು ದಿನಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಅದು ಗಂಭೀರ ಗಾಯವೇ. ನನಗೆ ಇದು ಗೊತ್ತಾದದ್ದು ಇಪ್ಪತ್ತನೇ ದಿನಕ್ಕೆ, ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಲೇಬರ್ ಆಫೀಸಿಗೆ ಸುಮ್ನೆ ವಿಚಾರಿಸಲು ಹೋದಾಗ. ಅಲ್ಲಿದ್ದ ಒಬ್ಬರು ಕೂರಿಸಿ ನಿಧಾನವಾಗಿ ಕನ್ನಡದಲ್ಲೇ ವಿವರಿಸಿದರು. ಯಾರಾದರೂ ಮೊದಲೇ ಹೇಳಿದ್ದರೆ ಮೊದಲ ದಿನವೇ ಅಲ್ಲಿಗೆ ಹೋಗುತ್ತಿದ್ದೆ.

ಅವರು ಮೊದಲು ಕೇಳಿದ್ದು, ಇಎಸ್‌ಐ (ಕೆಲಸಗಾರರ ಸರಕಾರಿ ವಿಮೆ) ಇದೆಯೋ ಅಂತ. ಹತ್ತು ಜನ ಅಥವಾ ಜಾಸ್ತಿ ಇದ್ದು ಇಎಸ್‌ಐ ವ್ಯಾಪ್ತಿಗೆ ಬಂದಿದ್ದರೆ, ತಿಂಗಳಿಗೆ 21,000ದವರೆಗಿನ ಸಂಬಳದವರಿಗೆ ಅದೇ ನೋಡಿಕೊಳ್ಳುತ್ತದೆ. ಮಾಲೀಕ ಸಂಬಳದ 3.25 ಶೇಕಡಾ, ಕೆಲಸಗಾರ 0.75 ಶೇಕಡಾ ಕಟ್ಟುವುದು. ಐದು ಜನರ ಶೆಡ್ಡಿಗೆ ಅದಿಲ್ಲ. ಹಾಗಾದರೆ ನಮಗೆ ಉಳಿಯುವುದು ಅದೇ 1923ರ ಎಂಪ್ಲಾಯೀಸ್ ಕಾಂಪನ್ಸೇಶನ್ ಕಾಯಿದೆ. ಹಳಬರು ವರ್ಕ್‌ಮೆನ್ಸ್ ಕಾಂಪನ್ಸೇಶನ್, ಡಬ್ಲ್ಯೂಸಿ ಅಂತಲೇ ಹೇಳುತ್ತಾರೆ. ಯಂತ್ರ ಓಡಿಸಿ ಮಾಡುವ ಕೆಲಸಕ್ಕೆ ಇಷ್ಟೇ ಜನ ಇರಬೇಕು ಅಂತ ಅದರಲ್ಲಿಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಹೊಣೆ ಮಾಲೀಕನದ್ದು. ಪಾಲಿಸಿ ಮಾಡಿಸಿದ್ದರೆ ಆ ಹೊಣೆಯನ್ನು ಕಂಪೆನಿ ಹೊರುತ್ತದೆ, ಅದೂ ಪಾಲಿಸಿಯಲ್ಲಿ ಬರೆದಷ್ಟು ಮಾತ್ರ.

ನಮ್ಮ ಪಾಲಿಸಿಯಲ್ಲಿ ಏನು ಬರೆದಿತ್ತು ಅಂತ ನಾನು ಮೊದಲ ಸಲ ಓದಿದ್ದು ಅವತ್ತು ರಾತ್ರಿ. ಐದು ಜನ, ತಲೆಗೆ ತಿಂಗಳಿಗೆ 8,000 ರೂಪಾಯಿ ಸಂಬಳ, ವ್ಯವಹಾರ ಫರ್ನಿಚರ್ ಅಂಗಡಿ. ವರ್ಷಕ್ಕೆ 4,80,000 ಸಂಬಳ, ಸಾವಿರಕ್ಕೆ 9 ರೂಪಾಯಿಯಂತೆ 4,320, ಮೇಲೆ 18 ಶೇಕಡಾ ಜಿಎಸ್‌ಟಿ. ಒಟ್ಟು 5,098. ಆಸ್ಪತ್ರೆ ಖರ್ಚಿಗೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬಹುದಿತ್ತು, ಅದನ್ನು ಸೇರಿಸಿರಲಿಲ್ಲ. ಆದರೆ ಕಾಯಿದೆ ಪ್ರಕಾರ ಚಿಕಿತ್ಸೆಯ ನಿಜವಾದ ಖರ್ಚು ಮಾಲೀಕನೇ ಕೊಡಬೇಕು. ಅಲ್ಲಿಗೆ 1,12,000 ನನ್ನ ಜೇಬಿಗೆ ಬಂತು.

ಆ 8,000 ಎಲ್ಲಿಂದ ಬಂತು ಅಂತ ಆಮೇಲೆ ಅರ್ಥ ಆಯಿತು. 2010ರಿಂದ ಪರಿಹಾರ ಲೆಕ್ಕ ಹಾಕುವಾಗ ತಿಂಗಳ ಸಂಬಳ ಎಷ್ಟೇ ಇದ್ದರೂ 8,000ದವರೆಗೆ ಮಾತ್ರ ಹಿಡಿಯುತ್ತಿದ್ದರು. 2020ರ ಜನವರಿ 3ರಿಂದ ಅದು 15,000 ಆಯಿತು. ಅಪ್ಪನ ಕಾಲದಲ್ಲಿ ಬರೆದ ಅಂಕಿಯನ್ನೇ ಏಜೆಂಟು ಪ್ರತಿವರ್ಷ ನಕಲು ಮಾಡುತ್ತಿದ್ದ. ನನ್ನನ್ನು ಕೇಳಿಯೇ ಮಾಡಿದ್ದು, ಸುಳ್ಳು ಹೇಳಬಾರದು. "ಜಾಸ್ತಿ ಬರೆದರೆ ಜಾಸ್ತಿ ಕಟ್ಟಬೇಕು" ಅಂದಿದ್ದ, ನಾನು "ಅಷ್ಟೇ ಇರಲಿ ಬಿಡಿ" ಅಂದಿದ್ದೆ. ಆಚಾರಿಗೆ ನಾನು ಕೊಡುತ್ತಿದ್ದದ್ದು ದಿನಕ್ಕೆ 900. ಇಪ್ಪತ್ತಾರು ದಿನಕ್ಕೆ 23,400.

ಕಂಪೆನಿಯ ತನಿಖೆಯವರು ಬಂದದ್ದು ಅಪಘಾತ ಆಗಿ ಐದು ವಾರದ ಮೇಲೆ. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಆದರೆ ಒಂದೊಂದು ಪ್ರಶ್ನೆಯೂ ಚುಚ್ಚುವಂಥದ್ದು. ಇವರು ನಿಮ್ಮ ಕೆಲಸಗಾರ ಅನ್ನಲು ಏನು ಆಧಾರ? ಹಾಜರಿ ಪುಸ್ತಕ ಎಲ್ಲಿ? ನಮ್ಮಲ್ಲಿದ್ದದ್ದು ಒಂದು ಡೈರಿ. ಅದರಲ್ಲಿ ಹಾಜರಿಯ ಪಕ್ಕದಲ್ಲೇ ಮರದ ಲೆಕ್ಕ, ಮನೆಗೆ ತಂದ ಅಕ್ಕಿಯ ಲೆಕ್ಕ. ಕೊನೆಗೆ ಉಳಿಸಿದ್ದು ಗೂಗಲ್ ಪೇ. ಶನಿವಾರದ ಬಟವಾಡೆಯನ್ನು ಎರಡು ವರ್ಷದಿಂದ ಫೋನಿನಲ್ಲೇ ಕಳುಹಿಸುತ್ತಿದ್ದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿಕೊಟ್ಟೆ. ಆಚಾರಿ ನಮ್ಮವರೇ ಅಂತ ಸಾಬೀತಾಯಿತು. ಜೊತೆಗೆ ನಾನು ಪಾಲಿಸಿಯಲ್ಲಿ ಬರೆಸಿದ 8,000 ಸುಳ್ಳು ಅಂತಲೂ ಸಾಬೀತಾಯಿತು.

ಆಮೇಲೆ ಅವರು ಯಂತ್ರದ ಹತ್ತಿರ ಹೋದರು. "ಬ್ಲೇಡಿನ ಮೇಲಿನ ಕವರು ಎಲ್ಲಿ?"

ಅದು ಗೋಡೆಯಲ್ಲಿತ್ತು. ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ. ದಪ್ಪ ಹಲಗೆ ತಳ್ಳುವಾಗ ತಾಗುತ್ತದೆ ಅಂತ ಎರಡು ವರ್ಷದ ಹಿಂದೆ ನಾನೇ ಬಿಚ್ಚಿದ್ದು. ಅದಕ್ಕೆ ನಾವು ಅಳತೆ ಟೇಪು ನೇತು ಹಾಕುತ್ತಿದ್ದೆವು. ಅವರು ಟೇಪನ್ನು ಬದಿಗೆ ಸರಿಸಿ ಕವರಿನ ಫೋಟೋ ತೆಗೆದರು. ಧೂಳು ಕೂತಿದ್ದಲ್ಲಿ ಟೇಪಿನ ಆಕಾರ ಬಿದ್ದಿತ್ತು.

ಇಲ್ಲೊಂದು ವಿಷಯ ಬರುತ್ತದೆ. ಕೆಲಸಗಾರ ಕುಡಿದಿದ್ದರೆ, ಅಥವಾ ಸುರಕ್ಷತೆಗೆ ಹಾಕಿದ ಕವರನ್ನು ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಆಗದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕಾಗಿಲ್ಲ. ಕಾಯಿದೆಯಲ್ಲೇ ಇದೆ. ನನ್ನ ಪರಿಚಯದವರೊಬ್ಬರು ಅದನ್ನು ಹಿಡಿದುಕೊಂಡು, "ಅವನೇ ತೆಗೆದದ್ದು ಅಂತ ಬರೆದುಕೊಡು, ಕೇಸೇ ಇಲ್ಲ" ಅಂದರು. ಒಂದು ರಾತ್ರಿ ಇಡೀ ಆ ಮಾತು ತಲೆಯಲ್ಲಿ ತಿರುಗಿತು ಅಂತ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಶೆಡ್ಡಿಗೆ ಬಂದರೆ ನಮ್ಮ ಕೈಕೆಲಸದ ಅಸ್ಸಾಂನ ಹುಡುಗ ಅಭ್ಯಾಸಬಲದಿಂದ ಟೇಪನ್ನು ತಂದು ಅದೇ ಕವರಿಗೆ ನೇತು ಹಾಕಿದ. ಐದು ಜನಕ್ಕೂ ಗೊತ್ತಿರುವ ವಿಷಯ. ನಾನೇ ತೆಗೆದದ್ದು ಅಂತ ಬರೆದು ಸಹಿ ಹಾಕಿದೆ.

ಇನ್ನೊಬ್ಬರ ಸಲಹೆ ಇನ್ನೂ ಸುಲಭದ್ದು. "ಒಂದು ಲಕ್ಷ ಕೈಗೆ ಕೊಟ್ಟು ಸ್ಟಾಂಪ್ ಪೇಪರಿನಲ್ಲಿ ಬರೆಸಿ ಮುಗಿಸು." ನಮ್ಮ ಕಡೆ ಹೆಚ್ಚಿನವರು ಮಾಡುವುದು ಇದನ್ನೇ. ವಕೀಲರನ್ನು ಕೇಳಿದೆ. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಅಥವಾ ಕಡಿಮೆಗೆ ಒಪ್ಪುತ್ತೇನೆ ಅಂತ ಕೆಲಸಗಾರ ಬರೆದುಕೊಟ್ಟರೆ ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ ಅಂದರು. ಎರಡು ವರ್ಷದೊಳಗೆ ಯಾವಾಗ ಬೇಕಾದರೂ ಅವನು ಕಮಿಷನರ ಮುಂದೆ ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿಕೊಂಡು ಮುಗಿಸುವುದಿದ್ದರೂ ಆ ಒಪ್ಪಂದವನ್ನು ಕಮಿಷನರ ಹತ್ತಿರ ನೋಂದಾಯಿಸಬೇಕು. ಮೊತ್ತ ಕಡಿಮೆ ಕಂಡರೆ ಅವರು ನೋಂದಾಯಿಸಲು ಒಪ್ಪದೆಯೂ ಇರಬಹುದು. ನಾವು ಹಿಡಿದದ್ದು ಈ ನೋಂದಣಿಯ ದಾರಿಯನ್ನೇ.

ಇನ್ನು ಕಾಗದಗಳ ಕಥೆ. ಗಡಿಯಲ್ಲಿರುವವರಿಗೆ ಇದು ಸ್ವಲ್ಪ ಬೇರೆಯೇ. ಅಪಘಾತ ಕೇರಳದಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದು ಅಲ್ಲಿನ ಪೊಲೀಸರಿಗೆ ತಿಳಿಸಿದರು. ಅಲ್ಲಿಂದ ಕನ್ನಡದಲ್ಲಿ ಬರೆದ ಕಾಗದ ನಮ್ಮ ಕಡೆಯ ಠಾಣೆಗೆ ಬರಬೇಕು. ಬಂತು, ಒಂದೂವರೆ ತಿಂಗಳ ಮೇಲೆ. ಆಗ ಅಲ್ಲಿದ್ದವರು ತೆಂಕಣ ಕೇರಳದವರು, ಕನ್ನಡ ಓದಲು ಬರುವುದಿಲ್ಲ. ಕಾಸರಗೋಡಿನಲ್ಲಿ ಕೂತು ಕನ್ನಡ ಕಾಗದವನ್ನು ಮಲಯಾಳಕ್ಕೆ ಅನುವಾದ ಮಾಡಿಸಿದ ಮೊದಲಿಗ ನಾನೇ ಇರಲಿಕ್ಕಿಲ್ಲ. ನಿಮಗೆ ಹೀಗಾದರೆ ಕಾಯುತ್ತಾ ಕೂರಬೇಡಿ. ಅದೇ ದಿನ ಅಥವಾ ಮರುದಿನ ನೀವೇ ಠಾಣೆಗೆ ಹೋಗಿ ಹೇಳಿ, ಜಿ.ಡಿ. ಎಂಟ್ರಿ (ಠಾಣೆಯ ದಿನಚರಿ ಪುಸ್ತಕದಲ್ಲಿ ದಾಖಲು) ಮಾಡಿಸಿ, ಅದರ ಪ್ರತಿ ತೆಗೆದುಕೊಳ್ಳಿ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಎಕ್ಸ್‌ರೇ ಎಲ್ಲದರ ಎರಡೆರಡು ಪ್ರತಿ ಇರಲಿ. ನಾನು ಒಂದು ರಶೀದಿಗಾಗಿ ಎರಡು ಸಲ ತಲಪಾಡಿ ದಾಟಿದ್ದೇನೆ.

ವಯಸ್ಸಿನದ್ದು ಇನ್ನೊಂದು ತಾಪತ್ರಯ. ಪರಿಹಾರದ ಲೆಕ್ಕಕ್ಕೆ ವಯಸ್ಸು ಬೇಕೇ ಬೇಕು. ಕಾಯಿದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದೊಂದು ವಯಸ್ಸಿಗೆ ಒಂದೊಂದು ಸಂಖ್ಯೆ, ವಯಸ್ಸು ಏರಿದ ಹಾಗೆ ಸಂಖ್ಯೆ ಇಳಿಯುತ್ತದೆ. ಆಚಾರಿಯವರ ಆಧಾರಿನಲ್ಲಿ ಹುಟ್ಟಿದ್ದು 1986ರ ಜನವರಿ 1. ಜನವರಿ 1 ಅಂತ ಕಂಡರೆ ಅರ್ಥ ಮಾಡಿಕೊಳ್ಳಿ, ಅಂದಾಜಿನಲ್ಲಿ ಬರೆಸಿದ್ದು. ಅವರು ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಮಾಧ್ಯಮದ ಶಾಲೆಗೆ ಇಬ್ಬರೂ ಹೋದೆವು. ಹೆಡ್ ಮೇಷ್ಟ್ರು ಹಳೇ ದಾಖಲೆ ಪುಸ್ತಕ ತೆಗೆಸಿ, ಗೆದ್ದಲು ತಿಂದ ಅಂಚು ಬಿಟ್ಟು ಉಳಿದದ್ದರಲ್ಲಿ ಬೆರಳಾಡಿಸಿ ಹುಡುಕಿದರು. 1988ರ ಫೆಬ್ರವರಿ. ಅಪಘಾತದ ದಿನಕ್ಕೆ 38 ಅಲ್ಲ, 36. ಪಟ್ಟಿಯಲ್ಲಿ 38ಕ್ಕೆ 189.56, 36ಕ್ಕೆ 194.64. ಸಣ್ಣ ವ್ಯತ್ಯಾಸ ಅನಿಸುತ್ತದೆ, ಆಚಾರಿಯ ಕೈಗೆ ಬರುವುದರಲ್ಲಿ 9,144 ರೂಪಾಯಿ ಹೆಚ್ಚು. ಶಾಲೆಯ ಸರ್ಟಿಫಿಕೇಟನ್ನೇ ಒಪ್ಪಿದರು.

ಶೇಕಡಾವಾರು ವಿಷಯದಲ್ಲೂ ಗೊಂದಲ ಆಗುತ್ತದೆ. ಮೆಡಿಕಲ್ ಬೋರ್ಡಿಗೆ ಐದು ವಾರ ಕಾದು ಸರ್ಟಿಫಿಕೇಟು ತಂದೆವು, ಅದರಲ್ಲಿ ಅಂಗವಿಕಲತೆ 16 ಶೇಕಡಾ ಅಂತಿತ್ತು. ಕಂಪೆನಿ ಅದನ್ನೇ ಹಿಡಿಯಿತು. ಆದರೆ ಕಾಯಿದೆಯ ಮೊದಲ ಪಟ್ಟಿಯಲ್ಲಿ ಯಾವ ಭಾಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ನೇರವಾಗಿ ಬರೆದಿದೆ. ಹೆಬ್ಬೆರಳು 30, ತೋರುಬೆರಳು ಪೂರ್ತಿ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಒಂದು ಕೈಯ ಎರಡು ಬೆರಳು ಹೋದರೆ 20, ಮೂರು ಹೋದರೆ 30, ನಾಲ್ಕೂ ಹೋದರೆ 50. ಪಟ್ಟಿಯಲ್ಲಿ ಇರುವ ಗಾಯಕ್ಕೆ ಆ ಪಟ್ಟಿಯೇ ಲೆಕ್ಕ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಮಾತ್ರ ಡಾಕ್ಟರು ಅಂದಾಜು ಮಾಡುವುದು. ಮನುಷ್ಯನ ಕೈಯನ್ನು ಹೀಗೆ ಅಂಗಡಿ ಸಾಮಾನಿನ ಪಟ್ಟಿಯ ಹಾಗೆ ಓದುವಾಗ ಆಚಾರಿ ಪಕ್ಕದಲ್ಲೇ ಕೂತಿದ್ದರು. "ಅಂದರೆ ಆಚಾರಿಗೂ ಅಂಗಡಿಯವನಿಗೂ ಬೆರಳಿಗೆ ಒಂದೇ ರೇಟಾ?" ಅಂತ ಕೇಳಿದರು. ವಕೀಲರ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಹೀಗೆ. ತಿಂಗಳ ಸಂಬಳ 23,400 ಆದರೂ ಹಿಡಿಯುವುದು 15,000. ಅದರ 60 ಶೇಕಡಾ 9,000. ಅದಕ್ಕೆ 194.64 ಗುಣಿಸಿದರೆ 17,51,760. ಅದರ 20 ಶೇಕಡಾ 3,50,352. ಇದು ಆಚಾರಿಗೆ ಸಿಗಬೇಕಾದ್ದು. ಕಂಪೆನಿಯವರು ನಾನು ಬರೆಸಿದ 8,000ದಲ್ಲೇ ಇದೇ ಲೆಕ್ಕ ಹಾಕಿದರು. 1,86,854. "ನೀವು ಪ್ರೀಮಿಯಂ ಕಟ್ಟಿದ್ದು ಇಷ್ಟಕ್ಕೆ, ನಾವು ಕೊಡುವುದೂ ಇಷ್ಟೇ." ಉಳಿದ 1,63,498 ನನ್ನದು.

ಅದಕ್ಕೂ ಮೊದಲು ಎರಡು ತಿಂಗಳು ಫೈಲೇ ಅಲ್ಲಾಡಿರಲಿಲ್ಲ. ಪಾಲಿಸಿಯಲ್ಲಿ ಫರ್ನಿಚರ್ ಅಂಗಡಿ ಅಂತಿದೆ, ಯಂತ್ರದಲ್ಲಿ ಮರ ಸೀಳುವುದು ಬೇರೆ ವರ್ಗ, ಅದರ ದರವೇ ಬೇರೆ ಅಂತ ತಕರಾರು. ಕೆಲಸಗಾರರ ವಿವರದಲ್ಲಿ "ಬಡಗಿ" ಅಂತ ಒಂದು ಪದ ಇದ್ದದ್ದಕ್ಕೆ ಕೊನೆಗೆ ಒಪ್ಪಿದರು. ಆ ಒಂದು ಪದ ಇಲ್ಲದಿದ್ದರೆ ಪೂರ್ತಿ ನನ್ನ ತಲೆಗೇ ಬರುತ್ತಿತ್ತು.

ಬಡ್ಡಿ ಇನ್ನೊಂದು. ಕೊಡಬೇಕಾದ್ದನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ 50 ಶೇಕಡಾದವರೆಗೆ ದಂಡವನ್ನೂ ಹಾಕಬಹುದು. 2025ರ ಸೆಪ್ಟೆಂಬರಿನಲ್ಲಿ ಒಪ್ಪಂದ ಆಗುವಾಗ 14 ತಿಂಗಳ ಬಡ್ಡಿ 49,049 ಆಗಿತ್ತು. ಬಡ್ಡಿ ನಮ್ಮ ಪಾಲಿಸಿಯ ಹೊರಗೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಅದೂ ನನ್ನದೇ. ದಂಡ ಬೀಳಲಿಲ್ಲ. ಆಸ್ಪತ್ರೆಯ ಬಿಲ್ಲು, ನನ್ನ ಪಾಲು, ಬಡ್ಡಿ, ವಕೀಲರ 18,000 ಎಲ್ಲ ಸೇರಿಸಿದರೆ 3,42,547. ಐದು ಸಾವಿರದ ಪಾಲಿಸಿಯಲ್ಲಿ ನಾನು ಉಳಿಸಿದ್ದು ಇದನ್ನು.

ಕೈ ವಾಸಿಯಾಗುವವರೆಗಿನ ಮೂರೂವರೆ ತಿಂಗಳು ಹದಿನೈದು ದಿನಕ್ಕೊಮ್ಮೆ 5,000 ಕೊಟ್ಟೆ. ಕಾಯಿದೆ ಹೇಳುವುದು ಪ್ರತಿ ಅರ್ಧ ತಿಂಗಳಿಗೆ ಸಂಬಳದ ಕಾಲು ಭಾಗ, ಅಂದರೆ 15,000ದ ಲೆಕ್ಕದಲ್ಲಿ 3,750. ಕೊಟ್ಟದ್ದಕ್ಕೆಲ್ಲ ಸಹಿ ಇರಲಿ, ಆಸ್ಪತ್ರೆಗೆ ಕೊಟ್ಟದ್ದು ಮತ್ತು ಪರಿಹಾರವೆಂದು ಕೊಟ್ಟದ್ದು ಬೇರೆ ಬೇರೆ ಬರೆದಿಡಿ. ಚಿಕಿತ್ಸೆಗೆ ಕೊಟ್ಟದ್ದನ್ನು ಪರಿಹಾರದಿಂದ ಕಳೆಯಲು ಬರುವುದಿಲ್ಲ.

ಮಧ್ಯೆ ಏಪ್ರಿಲಿನಲ್ಲಿ ಪಾಲಿಸಿ ನವೀಕರಣ ಬಂತು. ಈ ಸಲ ಎಲ್ಲ ಸರಿಯಾಗಿ ಬರೆದೆ. ದಿನಕ್ಕೆ 900ರ ಇಬ್ಬರು, 700ರ ಮೂವರು, ವರ್ಷಕ್ಕೆ 12,16,800. ಯಂತ್ರದಲ್ಲಿ ಮರಗೆಲಸ. ಹಿಂದಿನ ಕ್ಲೇಮು ಒಂದು. ಹಳೇ ಕಂಪೆನಿ ಸಾವಿರಕ್ಕೆ 20 ಕೇಳಿತು, ಜಿಎಸ್‌ಟಿ ಸೇರಿ 28,716. ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. ಎಲ್ಲರಿಗೂ ಒಂದೇ ದರಪಟ್ಟಿ ಅಂತ ಈಗ ಇಲ್ಲ, ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸ ಇರುತ್ತದೆ. ಕೆಲಸದ ಅಪಾಯ, ಹಿಂದಿನ ಕ್ಲೇಮು, ಶೆಡ್ಡಿನ ಸ್ಥಿತಿ ನೋಡಿ ದರ ಹೇಳುತ್ತಾರೆ. ಇನ್ನೊಂದು ಕಂಪೆನಿಯವರು ಬಂದು ಶೆಡ್ಡು ನೋಡಿ ಹೋಗಿ ಸಾವಿರಕ್ಕೆ 17 ಹೇಳಿದರು. 24,409ಕ್ಕೆ ಮುಗಿಯಿತು. ಆಸ್ಪತ್ರೆ ಖರ್ಚಿನ ಸೇರ್ಪಡೆಗೆ ಅದರ ಮೇಲೆ ಬೇರೆ. ವರ್ಷದ ಕೊನೆಗೆ ನಿಜವಾಗಿ ಕೊಟ್ಟ ಸಂಬಳದ ಲೆಕ್ಕ ಕೊಡಬೇಕು, ಜಾಸ್ತಿ ಆಗಿದ್ದರೆ ಉಳಿದ ಪ್ರೀಮಿಯಂ ಕಟ್ಟಬೇಕು. ಹಾಗಾಗಿ ಈಗ ಹಾಜರಿ ಪುಸ್ತಕ ಬೇರೆ, ಅಕ್ಕಿಯ ಲೆಕ್ಕ ಬೇರೆ.

ಆ ಮೂರು ರೂಪಾಯಿ ಇಳಿದದ್ದು ಯಾತಕ್ಕೆ ಅಂದರೆ, ಅಷ್ಟರಲ್ಲಿ ನಾವು ಶೆಡ್ಡಿನಲ್ಲಿ ಕೆಲವು ಬದಲಾವಣೆ ಮಾಡಿದ್ದೆವು. ಮೊದಲನೆಯದು ಸ್ಟಾರ್ಟರ್. ನಮ್ಮ ಮೋಟಾರು ಬರೀ ಮೈನ್ ಸ್ವಿಚ್ಚಿನಲ್ಲಿ ಓಡುತ್ತಿತ್ತು. ಕರೆಂಟು ಹೋಗಿ ಬಂದರೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಸ್ಟಾರ್ಟರಿನ ಒಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟು ಹೋದ ಕೂಡಲೇ ಅದು ಬಿಟ್ಟುಬಿಡುತ್ತದೆ, ಮತ್ತೆ ಕರೆಂಟು ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಎಲೆಕ್ಟ್ರಿಷಿಯನ್ ಕೂಲಿ ಸೇರಿ ನನಗೆ ಬಿದ್ದದ್ದು 3,600. ಮಳೆಗಾಲದಲ್ಲಿ ಗಂಟೆಗೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಇದಿಲ್ಲದೆ ನಾವು ಹದಿನೈದು ವರ್ಷ ಯಂತ್ರ ಓಡಿಸಿದ್ದೇವೆ.

ಕವರನ್ನು ಎತ್ತರ ಬದಲಿಸಲು ಆಗುವ ಹಾಗೆ ವೆಲ್ಡಿಂಗಿನವರಿಂದ ಸರಿ ಮಾಡಿಸಿದೆವು. ಬ್ಲೇಡಿನ ಹಿಂದೆ, ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದ ಹಾಗೆ ಒಂದು ತೆಳು ತಗಡು ನಿಲ್ಲಿಸಿದೆವು. ಕೊನೆಯ ಗೇಣು ಮರವನ್ನು ಕೈಯಲ್ಲಿ ತಳ್ಳುವಂತಿಲ್ಲ, ಅದಕ್ಕೊಂದು ತಳ್ಳುಕೋಲು. ಹಲಸಿನ ತುಂಡಿನಲ್ಲಿ ಹಿರಿಯ ಆಚಾರಿಯೇ ಮಾಡಿದ್ದು, ಖರ್ಚಿಲ್ಲ. ಗ್ಲೌಸು ತರಿಸಿ ಕೊಡಿ ಅಂತ ಎಲ್ಲರೂ ಹೇಳಿದ್ದರು, ನಾನು ತಂದೂ ಆಗಿತ್ತು. ಶೆಡ್ಡು ನೋಡಲು ಬಂದವರು ಬೇಡ ಅಂದರು. ತಿರುಗುವ ಬ್ಲೇಡಿನ ಹತ್ತಿರ ಗ್ಲೌಸು ಹಾಕಿದರೆ ಅದರ ಎಳೆ ಸಿಕ್ಕಿ ಕೈಯನ್ನೇ ಒಳಗೆ ಎಳೆಯುತ್ತದೆ. ಉದ್ದ ತೋಳಿನ ಅಂಗಿ, ಕೈಗೆ ಕಟ್ಟಿದ ದಾರವೂ ಹಾಗೆಯೇ. ಮರ ಹೊರುವಾಗ ಮಾತ್ರ ಗ್ಲೌಸು.

ಒಂದು ಎಚ್ಚರಿಕೆ. ನನ್ನದು 1923ರ ಕಾಯಿದೆಯಡಿ ನಡೆದ ವಿಷಯ. 2025ರ ನವೆಂಬರ್ 21ರಿಂದ ಅದರ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರ ನಂತರದ ಅಪಘಾತ ಆದರೆ ಸೆಕ್ಷನ್ ನಂಬರು, ಫಾರ್ಮು ಯಾವುದು ಅಂತ ಲೇಬರ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಿರಿ. ನಾನು ಹೇಳಿದ ನಂಬರುಗಳನ್ನು ಕಣ್ಣು ಮುಚ್ಚಿ ಬರೆಯಬೇಡಿ.

ದುಡ್ಡು ಕಮಿಷನರ ಹತ್ತಿರ ಕಟ್ಟಿದ ಮೇಲೂ ಕೊನೆಯದಾಗಿ ಒಂದು ಕಡೆ ಸಿಕ್ಕಿಬಿದ್ದೆವು. ಬ್ಯಾಂಕಿನಲ್ಲಿ. ಆಚಾರಿಯ ಸಹಿ ತಾಳೆ ಆಗಲಿಲ್ಲ. ಹೇಗೆ ಆಗುತ್ತದೆ? ಪೆನ್ನು ಹಿಡಿಯುತ್ತಿದ್ದ ಎರಡು ಬೆರಳೂ ಇಲ್ಲ. ರೇಷನ್ ಅಂಗಡಿಯಲ್ಲೂ ಮೊದಲು ತೋರುಬೆರಳೇ ಒತ್ತುತ್ತಿದ್ದರು, ಅಲ್ಲಿ ಬೇರೆ ಬೆರಳಿಟ್ಟು ಹೇಗೋ ನಡೆದಿತ್ತು. ಬ್ಯಾಂಕಿನವರು ಹೊಸ ಸಹಿಯ ಕಾರ್ಡು ಕೊಟ್ಟರು. ಇಂಥ ಗಾಯ ಆದವರು ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ಈ ಕೆಲಸ ಮುಗಿಸಿಕೊಳ್ಳಿ, ಕೊನೆಗೆ ಇಟ್ಟುಕೊಳ್ಳಬೇಡಿ.

ಮೂರು ಕಡೆ ಸಹಿ ಹಾಕಬೇಕಿತ್ತು. ಆಚಾರಿ ಎಡಗೈಯಲ್ಲಿ ಪೆನ್ನು ಹಿಡಿದು, ಮರದ ಮೇಲೆ ಗೆರೆ ಎಳೆಯುವ ಹಾಗೆ ನಿಧಾನವಾಗಿ, ಕನ್ನಡದಲ್ಲಿ ಹೆಸರು ಬರೆದರು. ಎರಡು ಒಂದೇ ತರ ಬಂತು. ಮೂರನೆಯದರಲ್ಲಿ ಕೊನೆಯ ಅಕ್ಷರ ಚೌಕದ ಹೊರಗೆ ಹೋಯಿತು. ಕೌಂಟರಿನ ಹುಡುಗಿ ನೋಡಿ, "ಪರವಾಗಿಲ್ಲ, ಇನ್ನೊಂದು ಕಾರ್ಡು ಕೊಡುತ್ತೇನೆ" ಅಂದಳು.